ಇಪ್ಪತ್ತೈದು ಕೀಗಳ ಭಾನುವಾರ

"ನೀವು ಕಳಿಸಿದ್ದು ಸತ್ತಿರೋ ಕೀಬೋರ್ಡ್ ಕಣ್ರಿ. ಲೈಟ್ ಏನೋ ಉರಿತೈತೆ, ದನಿ ಮಾತ್ರ ಬರಲ್ಲ."

ಮದಕರಿಪುರದ ಆ ಮನೆಯ ಜಗಲಿ ಹತ್ತುವ ಮೊದಲೇ ಅನುಸೂಯ ಜಗಳಕ್ಕೆ ನಿಂತಿದ್ದಳು. ಹೊರಕೆರೆದೇವಪುರದಿಂದ ಕೀಬೋರ್ಡನ್ನು ಹೊತ್ತು ಎರಡು ಬಸ್ಸು ಬದಲಿಸಿ ಬಂದವಳು ಸುಮ್ಮನೆ ಹೋಗುವುದುಂಟೆ? ತನ್ನ ಶಾಲೆಯ ಮಕ್ಕಳ ಪದ್ಯಗಳಿಗೆ ರಾಗ ಹಾಕಿ ರೆಕಾರ್ಡ್ ಮಾಡಬೇಕೆಂದು ಅವಳು, ಮನೆಯಲ್ಲೇ ರೆಕಾರ್ಡಿಂಗ್ ಸ್ಟುಡಿಯೋ ಇಟ್ಟುಕೊಂಡಿದ್ದ ಈ ರಂಗೇಶನಿಂದ ಹಳೆಯದೊಂದು ಮಿಡಿ ಕೀಬೋರ್ಡನ್ನು ಫೋನಿನಲ್ಲೇ ಮಾತಾಡಿ ಕೊಂಡಿದ್ದಳು. ಅವನು ಅದನ್ನು ಹೊಳಲ್ಕೆರೆ ಬಸ್ಸಿಗೆ ಹಾಕಿ ಕಳಿಸಿದ್ದ. ಮುಖ ನೋಡಿದ್ದು ಇವತ್ತೇ.

ರಂಗೇಶ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. "ಒಳಗೆ ಬರ್ರಿ, ಕುಂತ್ಕಳ್ರಿ. ಸತ್ತೈತೋ ಬದುಕೈತೋ ನೋಡೇ ಬಿಡಾಣ" ಎಂದ.

ಸ್ಟುಡಿಯೋ ಎಂದರೆ ಹಿಂದೆ ಉಣ್ಣೆ ಕೂಡಿಡುತ್ತಿದ್ದ ಕೋಣೆ. ಹೊರಗಿನ ಸದ್ದು ಬರದಿರಲೆಂದು ಗೋಡೆಯ ತುಂಬ ಕರಿ ಕಂಬಳಿ ಹೊಡೆದಿದ್ದ. ಆದರೂ ಹಿತ್ತಲ ಕುರಿಗಳು ನಡುನಡುವೆ ತಮ್ಮ ಅಭಿಪ್ರಾಯ ಹೇಳುತ್ತಲೇ ಇದ್ದವು. ಅವನು ಕೀಬೋರ್ಡಿನ ವೈರನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ ಏನೋ ಒತ್ತಿದ. "ಈಗ ನುಡಿಸ್ರಿ ಟೀಚರ್."

ಒತ್ತಿದಳು. ಕೋಣೆಯ ತುಂಬ ಕೊಳಲು.

"ಇದಕ್ಕೆ ಸ್ವಂತ ದನಿ ಅಂತ ಇಲ್ಲ. ಯಾವ ಕೀ ಒತ್ತಿದ್ರಿ, ಎಷ್ಟು ಜೋರಾಗಿ ಒತ್ತಿದ್ರಿ ಅಂತ ಕಂಪ್ಯೂಟರಿಗೆ ಹೇಳೋದಷ್ಟೇ ಇದರ ಕೆಲಸ. ಹಾಡೋದು ಅದು. ಫೋನಲ್ಲೇ ಹೇಳ್ಬೇಕಿತ್ತು, ತಪ್ಪು ನಂದೇ."

ತಪ್ಪನ್ನು ತನ್ನ ಮೇಲೆ ಹಾಕಿಕೊಂಡ ಗಂಡಸಿನ ಎದುರು ಜಗಳ ಮುಂದುವರಿಸುವುದು ಬಹಳ ಕಷ್ಟ. ಅನುಸೂಯಳಿಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತೋಚದೆ, ತಲೆ ತಗ್ಗಿಸಿ ಒಂದು ಭಜನೆಯ ರಾಗ ಎತ್ತಿಕೊಂಡಳು. ಸ್ವಲ್ಪ ಹೊತ್ತಿಗೆ ಅವನು ಮೆಲ್ಲಗೆ ಕೇಳಿದ: "ಟೀಚರ್, ಆ ಎಡಗೈ ಯಾರಿಗೆ ಗಾಳಿ ಹಾಕ್ತೈತೆ?"

ನೋಡಿಕೊಂಡಳು. ಅವಳ ಎಡಗೈ ಕೀಬೋರ್ಡಿನ ಹಿಂದೆ, ಬರೀ ಗಾಳಿಯಲ್ಲಿ, ಇಲ್ಲದ ತಿದಿಯನ್ನು ಒತ್ತುತ್ತಿತ್ತು. ಅಪ್ಪ ದೊಡ್ಡತಿಮ್ಮಪ್ಪನ ಭಜನಾ ಹಾರ್ಮೋನಿಯಂನಲ್ಲಿ ಕಲಿತವಳು ಅವಳು. ಬಲಗೈ ನುಡಿಸಿದರೆ ಎಡಗೈ ತಾನಾಗಿಯೇ ತಿದಿಗೆ ಹೋಗುತ್ತದೆ. ನಾಚಿಕೆಯಿಂದ ಕೈಯನ್ನು ಮಡಿಲಿಗೆ ಎಳೆದುಕೊಂಡಳು. ಅವನು ತುಟಿ ಕಚ್ಚಿ ಕಂಬಳಿಯ ಕಡೆ ತಿರುಗಿದ. ಭುಜ ಮಾತ್ರ ಅಲುಗುತ್ತಿತ್ತು. ಕೊನೆಗೆ ಇಬ್ಬರೂ ನಕ್ಕರು.

ಕಲಿಯುವ ನೆಪದಲ್ಲಿ ಭಾನುವಾರಗಳು ಶುರುವಾದವು.

ಆ ಕೀಬೋರ್ಡಿನಲ್ಲಿ ಇದ್ದದ್ದು ಇಪ್ಪತ್ತೈದೇ ಕೀ. ರಾಗ ಕೆಳಗಿಳಿದಾಗ ಕೀಗಳು ಮುಗಿದುಹೋಗುತ್ತವೆ. ಎಡತುದಿಯ ಆಕ್ಟೇವ್ ಬಟನ್ ಒತ್ತಿದರೆ ಅವೇ ಕೀಗಳು ಮಂದ್ರಕ್ಕೆ ಇಳಿಯುತ್ತವೆ. ಅನುಸೂಯಳಿಗೆ ಅದು ಸಮಯಕ್ಕೆ ಸಿಗುತ್ತಿರಲಿಲ್ಲ. ಹಾಗಾಗಿ ರಂಗೇಶ ಪಕ್ಕದಲ್ಲೇ ಕೂತು, ಅವಳ ಉಸಿರು ನೋಡಿಕೊಂಡು, ಸರಿಯಾದ ಗಳಿಗೆಗೆ ಬಟನ್ ಒತ್ತುತ್ತಿದ್ದ. ಹಾಡು ಇಳಿಯುವಾಗ ಅವನ ಬೆರಳೂ ಇಳಿಯುವುದು ಎಂತಹ ಸೊಗಸು ಎಂದು ಅವಳು ಓರೆಗಣ್ಣಿನಲ್ಲಿ ನೋಡುತ್ತಿದ್ದಳು. ಅವನು ನೋಡಿದರೆ ಪದ್ಯ ನೋಡುತ್ತಿದ್ದಳು.

ನಿಜ ಹೇಳಬೇಕೆಂದರೆ, ಮೂರನೆಯ ವಾರಕ್ಕೇ ಮನೆಯಲ್ಲಿ ತಾನೇ ಬಟನ್ ಒತ್ತಿ ನುಡಿಸಲು ಅವಳಿಗೆ ಬಂದಿತ್ತು. ಮದಕರಿಪುರಕ್ಕೆ ಬಂದರೆ ಮಾತ್ರ ಮರೆತುಹೋಗುತ್ತಿತ್ತು.

"ದೊಡ್ಡ ಕೀಬೋರ್ಡ್ ತಗಳ್ಳಲಾ?" ಎಂದು ಒಮ್ಮೆ ಹೆದರುತ್ತಲೇ ಕೇಳಿದ್ದಳು.

"ಮಕ್ಕಳ ಪದ್ಯಕ್ಕೆ ಇದೇ ಧಾರಾಳ" ಎಂದಿದ್ದ ಅವನು, ಬೇಗನೆ. ಅವಳಿಗೆ ಹಬ್ಬದೂಟ ಉಂಡಷ್ಟು ಸಂತೋಷವಾಗಿತ್ತು. ಅವನ ತಾಯಿ ಹುಚ್ಚಕ್ಕ ಬಾಗಿಲಲ್ಲಿ ಮಜ್ಜಿಗೆ ಹಿಡಿದು ನಿಂತು, "ಬೇರೆ ದಿನ ತಲೆ ಬಾಚ್ಕಳ ಅಂದ್ರೂ ಬಾಚಲ್ಲ ಕಣವ್ವ ಇವ್ನು" ಎಂದು ಯಾರಿಗೂ ಅಲ್ಲದಂತೆ ಹೇಳಿ ಹೋಗಿದ್ದಳು.

ದಸರಾ ರಜೆ ಮುಗಿದ ಮೇಲಿನ ಭಾನುವಾರ ಬಂದರೆ, ಮೇಜಿನ ಈ ತುದಿಯಿಂದ ಆ ತುದಿಯವರೆಗೆ ಅರವತ್ತೊಂದು ಕೀಗಳ ಕೀಬೋರ್ಡ್ ಮಲಗಿತ್ತು.

"ನಿಮಗೇ ತಂದಿದ್ದು. ಹಿರಿಯೂರಲ್ಲಿ ಒಬ್ರು ಮಾರ್ತಿದ್ರು" ಎಂದ ರಂಗೇಶ. ಮುಖದಲ್ಲಿ ನಗು ಇರಲಿಲ್ಲ. "ಆಕ್ಟೇವ್ ಬಟನ್ ಗೊಡವೆನೇ ಬೇಡ. ಎರಡೂ ಕೈಲಿ ನುಡಿಸ್ಬೋದು. ಇನ್ನು ಇಲ್ಲಿಗಂಟ ಬರೋ ತೊಂದ್ರೆ ಇಲ್ಲ ನಿಮಗೆ."

ಬರಬೇಡ ಎಂದು ಇಷ್ಟು ಮರ್ಯಾದೆಯಿಂದ ಹೇಳಬಹುದೆಂದು ಅನುಸೂಯಳಿಗೆ ಗೊತ್ತಿರಲಿಲ್ಲ. ಒಂದು ಕೀ ಒತ್ತಿ, "ಬಿಗಿ ಐತೆ" ಎಂದಳು. ಇನ್ನೊಂದು ಒತ್ತಿ, "ಉದ್ದ ಜಾಸ್ತಿ, ಬಸ್ಸಲ್ಲಿ ಹಿಡಿಯಲ್ಲ" ಎಂದಳು. "ನನಗೆ ಹಳೇದೇ ಸಾಕು."

"ಸಾಕಾಗಲ್ಲ ಟೀಚರ್."

"ಧಾರಾಳ ಅಂದಿದ್ದು ನೀವೇ."

"ಅದು ಸುಳ್ಳು." ಅವನು ನೆಲ ನೋಡಿದ. "ನಿಮ್ಮ ಕೈಗೆ ಮೊದಲನೇ ದಿನಾನೇ ದೊಡ್ಡದು ಬೇಕಿತ್ತು. ಬೇರೆ ಯಾರೇ ಕೇಳಿದ್ರೂ ಅದನ್ನೇ ಹೇಳ್ತಿದ್ದೆ. ನಿಮಗೆ ಹೇಳಿಬಿಟ್ರೆ ನೀವು ಬರೋದು ನಿಂತು ಹೋಗ್ತೈತೆ ಅಂತ ಚಿಕ್ಕದರಲ್ಲೇ ಕೂಡಿಹಾಕಿದ್ದೆ. ಹೋದ ವಾರ ಆ ಜೋಗುಳ ಎರಡೂ ಕೈಲಿ ನುಡಿಸಾಕ್ ಹೋಗಿ ಕೀ ಸಾಲದೆ ಅರ್ಧಕ್ಕೇ ಬಿಟ್ರಲ್ಲ, ಅವತ್ತಿಂದ ನಿದ್ದೆ ಇಲ್ಲ. ನನ್ನ ಆಸೆಗೆ ನಿಮ್ಮ ಹಾಡು ಯಾಕೆ ಮೊಟಕಾಗ್ಬೇಕು?"

ಹಿತ್ತಲಲ್ಲಿ ಒಂದು ಮರಿ ಕೂಗಿ ಸುಮ್ಮನಾಯಿತು. ತನಗಾಗಿ ಒಬ್ಬರು ಸುಳ್ಳು ಹೇಳಿದ್ದು, ತನಗಾಗಿಯೇ ಅದನ್ನು ಬಿಟ್ಟದ್ದು, ಎರಡೂ ಅವಳಿಗೆ ಒಟ್ಟಿಗೇ ಅರ್ಥವಾಗಿ ಕಣ್ಣು ತುಂಬಿಬಂತು. ಈ ಮನುಷ್ಯ ನನಗೆ ಬೇಕು ಎಂದು ಅವಳ ಮನಸ್ಸು ಸ್ಪಷ್ಟವಾಗಿ ಹೇಳಿತು.

"ಆ ಬಟನ್ ಒತ್ತೋದು ನನಗೆ ಯಾವಾಗ್ಲೋ ಬಂದೈತೆ" ಎಂದಳು. "ಬರಲ್ಲ ಅಂತ ಕುಂತಿದ್ದೆ, ಅಷ್ಟೇ."

ರಂಗೇಶ ತಲೆಯೆತ್ತಿದ. ಅವನ ಕಿವಿಯವರೆಗೆ ಕೆಂಪೇರಿದ್ದನ್ನು ಅವಳು ಈ ಸಲ ಓರೆಗಣ್ಣಿನಲ್ಲಲ್ಲ, ನೇರವಾಗಿಯೇ ನೋಡಿದಳು.

"ಹಂಗಾದ್ರೆ ಇದನ್ನ ಪ್ಯಾಕ್ ಮಾಡಲಾ, ಬೇಡ್ವಾ?" ಎಂದ, ಏನು ಕೇಳಬೇಕೋ ತಿಳಿಯದೆ.

"ಬೇಡ. ಇಲ್ಲೇ ಇರ್ಲಿ. ಇಷ್ಟು ದೊಡ್ಡದನ್ನ ಬಸ್ಸಲ್ಲಿ ಹೊರೋ ಬದ್ಲು ನಾನೇ ಬಂದ್ಬಿಡ್ತೀನಿ."

"ಪ್ರತಿ ಭಾನುವಾರಾನಾ?"

ಮಿಡಿ ಕೀಬೋರ್ಡುಗಳ ಬಗ್ಗೆ ಇಷ್ಟೆಲ್ಲ ತಿಳಿದವನು ಮಿಕ್ಕದ್ದರಲ್ಲಿ ಇಷ್ಟು ದಡ್ಡನಾಗಿರಬಹುದೆ? ಅನುಸೂಯ ಅವನ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

"ವಾರದ ಏಳು ದಿನಾನೂ" ಎಂದಳು. "ಅವ್ವನ್ನ ಕರ್ಕಂಡು ನಮ್ಮೂರಿಗೆ ಬರ್ರಿ. ಅಪ್ಪನ್ನ ಕೇಳ್ರಿ."