ಊರು ನಿವಾಳಿಸಿ ಎಸೆದದ್ದು

"ಮಣ್ಣು ತಗೊಳ್ಳಿ, ನೀರು ತಗೊಳ್ಳಿ, ಎಂತ ಬೇಕಾದ್ರೂ ತಗೊಳ್ಳಿ ಮಾರಾಯ್ರೆ. ಆದ್ರೆ ಕಟ್ಟಿದ್ದು ಎಂತದ್ದೇ ಸಿಕ್ಲಿ, ಬಿಚ್ಬೇಡಿ."

ಉಧ್ನಾ ಸ್ಟೇಷನ್ನಿನ ಎದುರಿನ ಉಡುಪಿ ಹೋಟೆಲಿನ ಗಲ್ಲಾದ ಮೇಲೆ ಕೂತಿದ್ದ ರಘುರಾಮ ಶೆಟ್ಟರು ದನಿ ತಗ್ಗಿಸಿ ಹೇಳಿದರು. ಚೇತನ್ ದೋಸೆಯ ಕೊನೆಯ ತುಂಡನ್ನು ಬಾಯಿಗಿಟ್ಟುಕೊಂಡು, ಕಾಲರ್ ಎತ್ತಿ, ಖಳನಾಯಕನ ನಗೆ ನಕ್ಕ. ಹೋಟೆಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವನಿಗೆ ಬೇಕಾಗಿದ್ದೂ ಅದೇ.

"ಶೆಟ್ರೇ, ಈ ಚೇತನ್ ಕಾಲಿಟ್ಟ ಕಡೆ ದೆವ್ವಗಳೂ ಟಿಕೆಟ್ ತಗೊಂಡು ಕ್ಯೂ ನಿಲ್ತವೆ! ಅದೂ ಬಾಲ್ಕನಿ ಟಿಕೆಟ್ಟು!"

"ತಮಾಷೆ ಅಲ್ಲ. ಪ್ಲೇಗ್ ಬಂದು ಹೋದ್ಮೇಲೆ ಊರನ್ನೆಲ್ಲ ಗುಡಿಸಿದ್ರಲ್ಲ? ನಾಲ್ಕು ರಸ್ತೆ ಕೂಡೋ ಕಡೆಯೆಲ್ಲ ಜನ ನಿವಾಳಿಸಿ ಇಟ್ಟದ್ದು ಇತ್ತು. ಲಿಂಬೆಹಣ್ಣು, ಗೊಂಬೆ, ಗಡಿಗೆ. ಯಾರೂ ಮುಟ್ತಿರ್ಲಿಲ್ಲ, ದಾಟ್ತಿರ್ಲಿಲ್ಲ. ಯಂತ್ರಕ್ಕೆ ಎಂತ ಗೊತ್ತು? ಬಾಚಿ ತಂದು ಆ ಕಸದ ಗುಡ್ಡಕ್ಕೆ ಸುರಿಯಿತು. ಈಗ ಮನೆಯಿಂದ್ಲೇ ನೇರ ಅಲ್ಲಿಗೆ ಕೊಂಡ್ಹೋಗಿ ಹೂಳುವವರೂ ಉಂಟು."

"ಅಂದ್ರೆ ಪೀಡೆಗಳ ಹೋಲ್‌ಸೇಲ್ ಡಿಪೋ ಅನ್ನಿ."

ಶೆಟ್ಟರು ನಗಲಿಲ್ಲ. ಚಿಲ್ಲರೆ ಕೊಡುವಾಗಲೂ ಅವನ ಕೈ ತಾಕದಂತೆ ತಟ್ಟೆಯಲ್ಲಿಟ್ಟು ತಳ್ಳಿದರು.

ಚೇತನ್ ತುಮಕೂರಿನ ಹುಡುಗ. ವಡೋದರದ ಅಲ್ಕಾಪುರಿಯ ಪ್ರಯೋಗಾಲಯವೊಂದಕ್ಕೆ ಹೊಸದಾಗಿ ಸೇರಿದವನು. ರೈಲುಹಳಿಯಾಚೆಯ ಆ ಕಸದ ಗುಡ್ಡದಲ್ಲಿ ಯಾವ ವಿಷವಿದೆ, ಪಕ್ಕದ ಚಾಳಿನ ಸಾಲುಮನೆಗಳ ನೀರಿಗೆ ಅದು ಎಷ್ಟು ಇಳಿದಿದೆ, ಶುಚಿ ಮಾಡುವುದು ಹೇಗೆ ಎಂದು ನೋಡಿ ಹೇಳುವುದು ಅವನ ಕೆಲಸ. ಅದು ಮುಗಿಯುವವರೆಗೆ ವಾಸ ಇದೇ ಊರಿನ ಕತಾರ್‌ಗಾಮ್‌ನಲ್ಲಿ, ಅಕ್ಕ ಗಿರಿಜಾಳ ಮನೆಯಲ್ಲಿ. ವಿಮಾ ಕಚೇರಿಯ ಭಾವ ಬಾಲಚಂದ್ರ ತರಬೇತಿಗೆಂದು ಅಹಮದಾಬಾದಿಗೆ ಹೋಗಿದ್ದರಿಂದ ಮನೆಯಲ್ಲಿ ಈಗ ಅಕ್ಕ ಮತ್ತು ಅವಳ ಮಗಳು ಮೇದಿನಿ ಮಾತ್ರ. ಆರು ವರ್ಷದ ಮೇದಿನಿಗೆ ಮಾಮನೆಂದರೆ ಮನೆಗೆ ಬಂದ ಸಿನಿಮಾ.

ಗುಡ್ಡ ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ಸಿಕ್ಕಿತು. ಕೊಳೆತ ಹಣ್ಣು, ಸುಟ್ಟ ಟೈರು, ಅದರ ಮೇಲೆ ಮಿಲ್ಲುಗಳ ಬಣ್ಣದ ಕೆಸರಿನ ಕಹಿ ಘಾಟು. ಬೆಂಕಿ ಎಲ್ಲೂ ಕಾಣದಿದ್ದರೂ ಒಳಗಿನಿಂದ ಹೊಗೆ ಜಿನುಗುತ್ತಿತ್ತು. ಯಂತ್ರ ಅಗೆದ ಗುಂಡಿಯಲ್ಲಿ ಸೀರೆಯ ಚಿಂದಿ, ಪ್ಲಾಸ್ಟಿಕ್ಕು, ಹಳದಿ ಕೆಸರು ಪದರಪದರವಾಗಿ ಕಂಡವು. ತಳದಲ್ಲಿ ಗುಲಾಬಿ ಬಣ್ಣದ ನೀರು ಸದ್ದಿಲ್ಲದೆ ಒಸರುತ್ತಿತ್ತು. ಚಾಳಿನ ಕೈಪಂಪಿನಲ್ಲಿ ಬರುವುದೂ ಅದೇ ನೀರು. ಬಿಂದಿಗೆ ಹಿಡಿದ ಹೆಂಗಸರು ಅದನ್ನು ಬಟ್ಟೆಯಲ್ಲಿ ಸೋಸಿ ತುಂಬಿಕೊಳ್ಳುತ್ತಿದ್ದರು.

ಬಾಟಲಿಗಳಿಗೆ ಮಾದರಿ ತುಂಬಿಸಿ ಮೇಲೆ ಹತ್ತುವಾಗ ಗುಂಡಿಯ ಗೋಡೆಯಲ್ಲಿ ಏನೋ ಕೆಂಪಗೆ ಕಂಡಿತು. ಕೆಂಪು ಬಟ್ಟೆಯಲ್ಲಿ ಬಾಯಿ ಬಿಗಿದ ಪುಟ್ಟ ಮಣ್ಣಿನ ಗಡಿಗೆ.

"ಭಾಯ್, ಅಡಶೋ ನಹೀಂ! ಮುಟ್ಟಬೇಡ!"

ಕೈಪಂಪಿನ ಬಳಿಯಿಂದ ಒಬ್ಬ ಮುದುಕಿ ಬಿಂದಿಗೆ ಬಿಸಾಕಿ ಓಡಿಬರುತ್ತಿದ್ದಳು. ನೋಡುವವರು ಸಿಕ್ಕಿದರೆ ಚೇತನ್ ಸುಮ್ಮನಿರುತ್ತಾನೆಯೇ? ಗಡಿಗೆಯನ್ನು ತಲೆಯ ಮೇಲೆತ್ತಿ ಹಿಡಿದ.

"ಏಯ್ ಮಾಂತ್ರಿಕಾ! ನಿನ್ನ ಮಂತ್ರ ಮುಗೀತು, ಇನ್ನು ನನ್ನ ತಂತ್ರ ಶುರು!"

ಗಂಟು ಬಿಚ್ಚಿದ. ಒಳಗೆ ಒಂದು ನಿಂಬೆಹಣ್ಣು. ಮೈತುಂಬ ಸೂಜಿ. ಸುತ್ತಲಿನ ಕೆಸರು ಕಬ್ಬಿಣವನ್ನೂ ತಿಂದುಹಾಕಿತ್ತು. ಈ ಹಣ್ಣು ಮಾತ್ರ ಈಗ ತಾನೆ ಕಿತ್ತಂತೆ ಘಮಘಮಿಸುತ್ತಿತ್ತು. ಇದನ್ನು ಮಾದರಿಯ ಚೀಲಕ್ಕೆ ಹಾಕಬೇಕು ಎಂದು ಕಲಿತ ಬುದ್ಧಿ ಹೇಳಿತು. ಅಕ್ಕನನ್ನು ಹೆದರಿಸಬಹುದು ಎಂದು ಹುಟ್ಟುಬುದ್ಧಿ ಹೇಳಿತು. ಹಣ್ಣು ಅಂಗಿಯ ಜೇಬಿಗಿಳಿಯಿತು.

ಮುದುಕಿ ಬೈಯಲಿಲ್ಲ. ಸೆರಗಿನಿಂದ ಮುಖ ಮುಚ್ಚಿಕೊಂಡು, ಬಂದದ್ದಕ್ಕಿಂತ ಜೋರಾಗಿ ಚಾಳಿನ ಕಡೆಗೆ ಓಡಿದಳು.

ಮನೆಗೆ ಬಂದ ಚೇತನ್ ಅಂಗಿಯನ್ನು ಮೊಳೆಗೆ ಸಿಕ್ಕಿಸಿ ಸ್ನಾನಕ್ಕೆ ಹೋದ. ಹೊರಬಂದಾಗ ಮೇದಿನಿ ಕುರ್ಚಿ ಹತ್ತಿ ನಿಂತಿದ್ದಳು. ಅಂಗೈಯಲ್ಲಿ ಹಣ್ಣು. ನೆಲದ ಮೇಲೆ ಸಾಲಾಗಿ ಜೋಡಿಸಿದ ಸೂಜಿಗಳು.

"ಮಾಮಾ, ನಿಂಬೂಗೆ ದರ್ದ್ ಆಗ್ತಿತ್ತು. ನಾನು ಸಬ್ ತೆಗ್ದೆ."

"ಕೊಡಿಲ್ಲಿ! ಕೊಡೇ!"

ಕಿತ್ತುಕೊಂಡ ಹಣ್ಣು ಅವನ ಕೈಯಲ್ಲೇ ಕುಸಿಯಿತು. ತೊಗಲು ಕಪ್ಪಾಗಿ, ಸುಕ್ಕಾಗಿ, ಬೂದಿಯಾಗಿ ಬೆರಳುಸಂದಿಯಲ್ಲಿ ಉದುರಿತು. ಮೇದಿನಿ ಒಮ್ಮೆ ಕೆಮ್ಮಿದಳು.

ಅದು ಮಗುವಿನ ಕೆಮ್ಮಾಗಿರಲಿಲ್ಲ. ಬಹಳ ದಿನದಿಂದ ಎದೆಯಲ್ಲಿ ಮನೆ ಮಾಡಿಕೊಂಡಿದ್ದ ಕೆಮ್ಮು.

ಬೆಳಗಾಗುವುದರೊಳಗೆ ಅಂಗೈಯ ಚರ್ಮ ಸುಲಿಯತೊಡಗಿತು. ಉಸಿರಿನಲ್ಲಿ ಮಿಲ್ಲಿನ ಬಣ್ಣದ ಕಹಿ ವಾಸನೆ. ಆಸ್ಪತ್ರೆಯ ಡಾಕ್ಟರು ಪರೀಕ್ಷೆಯ ಫಲಿತಾಂಶ ನೋಡಿ ಹುಬ್ಬು ಗಂಟಿಕ್ಕಿದರು. ಮಗು ಯಾವ ನೀರು ಕುಡಿಯುತ್ತದೆ ಎಂದು ಹಿಂದಿಯಲ್ಲಿ ಕೇಳಿದರು. ರಕ್ತದಲ್ಲಿ ಲೋಹದ ವಿಷವಿದೆ, ವರ್ಷಗಟ್ಟಲೆ ಕುಡಿದರೆ ಮಾತ್ರ ಇಷ್ಟು ಏರುತ್ತದೆ ಎಂದರು.

"ನಿನ್ನೆ ಸ್ಕೂಲಿಗೆ ಹೋಗಿ ಕುಣ್ಕೊಂಡು ಬಂದ ಮಗು ಸಾರ್ ಇದು!" ಗಿರಿಜಾ ಕನ್ನಡದಲ್ಲೇ ಕಿರುಚಿದಳು.

ಡಾಕ್ಟರು ಲೋಹದ ಹೆಸರು ಹೇಳಿದರು. ಗುಂಡಿಯಲ್ಲಿ ತುಂಬಿಸಿದ ಬಾಟಲಿಗಳ ಮೇಲೆ, ಹುಡುಕಬೇಕಾದ ವಿಷವೆಂದು ಚೇತನ್ ಬರೆದಿದ್ದೂ ಅದೇ ಹೆಸರು.

ಔಷಧಿ ಹಿಡಿಯಲಿಲ್ಲ. ಮಗುವಿನ ಉಸಿರು ಗಳಿಗೆ ಗಳಿಗೆಗೂ ಸಣ್ಣದಾಗುತ್ತಿತ್ತು. ದೊಡ್ಡ ಆಸ್ಪತ್ರೆಗೆ ಒಯ್ಯಿರಿ, ಆದರೆ ದಾರಿಯಲ್ಲಿ ಏನಾದರೂ ಆದರೆ ನಮ್ಮನ್ನು ಕೇಳಬೇಡಿ ಎಂದುಬಿಟ್ಟರು. ಬಟ್ಟೆ, ದುಡ್ಡು ತೆಗೆದುಕೊಳ್ಳಲೆಂದು ಮನೆಗೆ ಬಂದಾಗ ಮೇದಿನಿ ಕಣ್ಣು ತೆರೆದಳು. ತಾಯಿಯ ಮುಖವನ್ನು ಗುರುತೇ ಇಲ್ಲದಂತೆ ನೋಡಿದಳು. ಬಾಯಿಂದ ಬಂದದ್ದು ಒಬ್ಬ ಹುಡುಗನ ಒಡಕು ದನಿ.

"ಬಾ... ಪಾಣಿ."

ಅಜ್ಜೀ, ನೀರು. ಗಿರಿಜಾ ಫಿಲ್ಟರಿನಿಂದ ನೀರು ತಂದು ಕುಡಿಸಿದಳು. ತುಟಿ ತಾಕಿದ್ದೇ ತಡ, ಲೋಟದ ನೀರು ಮೆಲ್ಲಗೆ ಗುಲಾಬಿಯಾಯಿತು.

ಗಿರಿಜಾ ಹಿಡಿ ಉಪ್ಪು, ಒಣಮೆಣಸಿನಕಾಯಿ ತಂದು ಮಗುವಿಗೆ ನಿವಾಳಿಸಿ ಗ್ಯಾಸ್ ಒಲೆಯ ಉರಿಗೆ ಹಾಕಿದಳು. ಮೆಣಸಿನಕಾಯಿ ಚಟಪಟ ಸಿಡಿದು ಕರಕಾಯಿತು. ಕೆಮ್ಮು ಬರುತ್ತದೆಂದು ಚೇತನ್ ಮೂಗಿಗೆ ಕರ್ಚೀಫು ಹಿಡಿದಿದ್ದ. ಬರಲಿಲ್ಲ. ಕರ್ಚೀಫು ತೆಗೆದ. ಇಲ್ಲ. ಅಡುಗೆಮನೆಯ ತುಂಬ ಹೊಗೆ, ಘಾಟಿನ ಎಳೆಯೂ ಇಲ್ಲ.

"ಚೇತೂ, ಮಗೂಗೆ ಏನು ಮಾಡ್ದೆ?"

"ಅಕ್ಕಾ, ನಾನು... ನಿನ್ನ ಹೆದರ್ಸೋಣ ಅಂತ..."

"ಏನು ಮಾಡ್ದೆ ಹೇಳೋ!"

ಹೇಳಿದ. ಅವಳು ಹೊಡೆದಳು. ಹೊಡೆದ ಕೈಯಲ್ಲೇ ಮಗುವನ್ನು ಹೆಗಲಿಗೆ ಹಾಕಿಕೊಂಡಳು. "ಆ ಮುದುಕಿ ಹತ್ರ ಕರ್ಕೊಂಡು ಹೋಗು."

ಮುದುಕಿಯ ಹೆಸರು ಜಮ್ನಾಬೆನ್. ಚಾಳಿನ ತುದಿಮನೆ. ಹೊಸಿಲ ಮೇಲೆ ಮೇದಿನಿಯಷ್ಟೇ ವಯಸ್ಸಿನ ಹುಡುಗನೊಬ್ಬ ಕೂತು ರೊಟ್ಟಿ ತಿನ್ನುತ್ತಿದ್ದ. ಅವನನ್ನು ನೋಡಿದ್ದೇ ಮೇದಿನಿಯ ಬಾಯಿ ತೆರೆಯಿತು. "ಬಾ, ಪಾಣಿ" ಎಂದಿತು ಆ ಒಡಕು ದನಿ. ಹುಡುಗ ರೊಟ್ಟಿ ಕೈಬಿಟ್ಟ. ಅದು ಅವನದೇ ದನಿಯಾಗಿತ್ತು.

ಜಮ್ನಾಬೆನ್ ಮೊಮ್ಮಗನನ್ನು ಒಳಗೆ ದಬ್ಬಿ ಬಾಗಿಲಿಗೆ ಅಡ್ಡ ನಿಂತಳು. ಅವಳ ಗುಜರಾತಿಯಲ್ಲಿ ಹಿಂದಿ ಬೆರೆತಿತ್ತು. ಅರ್ಥವಾಗದಿರಲು ಅದರಲ್ಲಿ ಏನೂ ಇರಲಿಲ್ಲ.

"ವಾಪಸ್ ತಗೋ ಅಂತ ಮಾತ್ರ ಕೇಳ್ಬೇಡ ಬೆನ್, ನನ್ನ ತಂಗೀ. ಈ ಪಂಪಿನ ನೀರು ಕುಡಿದು ಕುಡಿದೇ ಇವನು ಸಾಯ್ತಿದ್ದ. ಕುಡಿಸಿದ ಕೈ ನಂದೇ. ಬೇರೆ ನೀರು ಎಲ್ಲಿತ್ತು? ಆ ಗುಡ್ಡದಿಂದ ಬಂದದ್ದನ್ನ ಇಳಿಸಿ ಆ ಗುಡ್ಡದಲ್ಲೇ ಹೂತೆ. ನಿನ್ನ ತಮ್ಮನಿಗೆ ಬೇಡ ಅಂದೆ. ಕುಣಿದ."

"ಮತ್ತೆ ಹೂತುಬಿಡ್ತೀನಿ ಅಜ್ಜೀ," ಚೇತನ್ ಹಿಂದಿಯಲ್ಲಿ ಅಂಗಲಾಚಿದ. "ಕೈ ಮುಗೀತೀನಿ. ಅದೇ ಗುಂಡಿಯಲ್ಲಿ, ಇನ್ನೂ ಆಳಕ್ಕೆ."

"ಸೂಜಿ ಕಿತ್ತ ಮೇಲೆ ಮಣ್ಣು ಅದನ್ನ ಹಿಡಿಯೋದಿಲ್ಲ. ಅದಕ್ಕೆ ಮೈ ಬೇಕು. ತಾನಾಗಿ ಒಪ್ಪೋ ಮೈ. ಹೆತ್ತವಳೇ ಮಗುವಿನಿಂದ ಇಳಿಸಿ, ಆ ಮೈಗೆ ಕೈಯಾರೆ ಇಡ್ಬೇಕು."

"ನಂಗೇ ಬರ್ಲಿ!" ಗಿರಿಜಾ ಸೆರಗೊಡ್ಡಿದಳು. "ನಾನು ಒಪ್ಪಿದೀನಿ. ನಂಗೇ ಇಡಿ."

"ಇಳಿಸೋ ಕೈ ಹೊತ್ಕೊಳ್ಳೋಕೆ ಆಗಲ್ಲ ಬೆನ್." ಮುದುಕಿಯ ಕಣ್ಣು ಚೇತನ್ ಕಡೆಗೆ ಹೊರಳಿತು. ಅಲ್ಲೇ ನಿಂತಿತು. "ಹೊತ್ತವನು ಆಮೇಲೆ ಮಗು ಇರೋ ಸೂರಿನಡಿ ಇರಬಾರ್ದು. ಇದ್ರೆ ಬಿಟ್ಟು ಬಂದ ಗೂಡಿಗೇ ಅದು ಮರಳುತ್ತೆ. ಕತ್ತಲಾಗೋದ್ರೊಳಗೆ ಮಾಡಿ. ನನ್ನ ಬಾಗಿಲಲ್ಲಿ ಬೇಡ."

ಬಾಗಿಲು ಮುಚ್ಚಿತು. ಒಳಗೆ ಮುದುಕಿ ಅಳುವುದು ಕೇಳಿಸಿತು. ಬಾಗಿಲು ಮಾತ್ರ ತೆರೆಯಲಿಲ್ಲ.

ಮನೆ ಮುಟ್ಟುವಾಗ ಮುಸ್ಸಂಜೆ. ಕರೆಂಟು ಹೋಗಿತ್ತು. ಮೇದಿನಿಯ ಎದೆಯಲ್ಲಿ ಒದ್ದೆ ಬಟ್ಟೆ ಹಿಂಡುವಂಥ ಸದ್ದು. ಉಗುರು ನೀಲಿಯಾಗಿತ್ತು. ಚೇತನ್ ಅಕ್ಕನ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತ.

"ಇಡು ಅಕ್ಕಾ. ನಾನು ಒಪ್ಪಿದೀನಿ."

ಅವಳ ಮುಷ್ಟಿಯಲ್ಲಿ ಉಪ್ಪು ಕರಗಿ ನೀರಾಗುತ್ತಿತ್ತು.

"ಅಮ್ಮ ಹೋದಾಗ ನಿಂಗೆ ಅನ್ನ ಕಲಸಿ ತಿನ್ಸಿದ ಕೈ ಕಣೋ ಇದು."

"ಗೊತ್ತು."

"ಹೆಂಗೋ ಇಡ್ಲಿ ನಾನು?"

"ಹೀರೋ ಸಾಯಲ್ಲ ಕಣಕ್ಕಾ." ನಗಲು ನೋಡಿದ. "ಇಂಟರ್ವಲ್ ಅಷ್ಟೇ. ಬೇಗ ಇಡು. ನಂಗೆ ಧೈರ್ಯ ಹೋಗ್ತಿದೆ. ನಾನು ಎದ್ದು ಓಡಿಬಿಡ್ತೀನಿ. ಅಕ್ಕಾ, ಇಡು!"

ಮೇದಿನಿಯ ಉಸಿರು ನಿಂತಿತು.

ಗಿರಿಜಾಳ ಕೈ ಎದ್ದಿತು. ಮಗುವಿನ ತಲೆಯಿಂದ ಕಾಲಿಗೆ ಇಳಿಯಿತು. ಮತ್ತೆ ಎದ್ದಿತು. ಮತ್ತೆ ಇಳಿಯಿತು. ಮುಷ್ಟಿ ಭಾರವಾಯಿತು. ಒಳಗೆ ಏನೋ ಮಿಸುಕಿತು. ಜೀವ ಇದ್ದ ಹಾಗೆ. ಬಿಸಿ. ಒದ್ದೆ. ಬೆರಳು ಬಿಡಿಸಿಕೊಂಡು ಹೊರಬರಲು ಒದ್ದಾಡಿತು. ಕೋಣೆಯ ತುಂಬ ಆ ಗುಡ್ಡದ ನಾತ. ಅವಳು ಕಣ್ಣು ಮುಚ್ಚಿದಳು. ತಮ್ಮನ ನೆತ್ತಿ ಕೈಗೆ ಸಿಕ್ಕಿತು. ಎಣ್ಣೆ ಹಚ್ಚಿ ಹಚ್ಚಿ ಗೊತ್ತಿದ್ದ ನೆತ್ತಿ. ಮುಷ್ಟಿ ಬಿಚ್ಚಿದಳು.

ಚೇತನ್‌ನ ಬಾಯಿಂದ ಸದ್ದೇ ಬರಲಿಲ್ಲ. ಮೈ ಮಾತ್ರ ಬಿಲ್ಲಿನಂತೆ ಬಾಗಿತು.

ಆ ಕತ್ತಲಲ್ಲಿ ಮೇದಿನಿ ಅತ್ತಳು. ತನ್ನದೇ ದನಿಯಲ್ಲಿ. "ಮಮ್ಮೀ, ಭೂಕ್ ಆಗ್ತಿದೆ."

ಅಕ್ಕ ಮಗುವನ್ನು ಬಾಚಿಕೊಳ್ಳುವಷ್ಟರಲ್ಲಿ ತಮ್ಮ ತೆವಳುತ್ತಾ ಬಾಗಿಲು ದಾಟಿದ್ದ. ಮೆಟ್ಟಿಲ ಗೋಡೆ ಹಿಡಿದು ಎದ್ದು ನಿಂತ. ಅಂಗೈಯ ಚರ್ಮ ಗೋಡೆಗೇ ಅಂಟಿಕೊಂಡಿತು.

"ಚಿಲಕ ಹಾಕು. ನಾನು ಏನೇ ಕೂಗಿದ್ರೂ ತೆಗೀಬೇಡ. ಹಾಕಕ್ಕಾ!"

ಹಾಕಿದಳು.

ಕೆಮ್ಮು ಮೆಟ್ಟಿಲಿಳಿಯಿತು. ಒಂದು ತಿರುವಿನವರೆಗೆ ಹೋಯಿತು. ನಿಂತಿತು. ಆಮೇಲೆ ಮತ್ತೆ ಮೇಲೆ ಬಂತು.

ಬಾಗಿಲು ಬಡಿಯಿತು.

"ಬಾ, ಪಾಣಿ."

ಗಿರಿಜಾ ಮಗಳ ಕಿವಿ ಮುಚ್ಚಿದಳು. ಅದು ತಮ್ಮನಲ್ಲ. ಅದು ತಮ್ಮನಲ್ಲ.

ಮತ್ತೆ ಬಡಿಯಿತು. ಈ ಸಲ ಇನ್ನೂ ಕೆಳಗೆ, ಮೊಣಕಾಲೂರಿ ಬಡಿದಂತೆ.

"ಅಕ್ಕಾ..." ಈಗ ಅದು ಅವನದೇ ದನಿ. "ಅಕ್ಕಾ, ಗಂಟಲು ಸುಡ್ತಿದೆ. ಸ್ವಲ್ಪ ನೀರು ಕೊಡಕ್ಕಾ. ಒಳಗೆ ಬರಲ್ಲ. ಸಂದಿಯಿಂದ ಕೊಟ್ಟರೂ ಸಾಕು."

ಗಿರಿಜಾ ನೀರು ತುಂಬಿದ ಲೋಟ ಹಿಡಿದು ಬಾಗಿಲಿಗೆ ಬಂದಳು. ಯಾವಾಗ ತುಂಬಿದಳೋ ಅವಳಿಗೇ ಗೊತ್ತಿಲ್ಲ. ಇನ್ನೊಂದು ಕೈ ಚಿಲಕದ ಮೇಲಿತ್ತು. ಕಬ್ಬಿಣ ಬೆವರಿನಲ್ಲಿ ಜಾರುತ್ತಿತ್ತು.

"ಮಮ್ಮೀ, ಬಾಗಿಲಲ್ಲಿ ಯಾರು?"

ಬಡಿತ ಈಗ ಹೊಸಿಲ ಮಟ್ಟದಲ್ಲಿತ್ತು. ಬಡಿತವಲ್ಲ, ಉಗುರಿನ ಕೆರೆತ.

ಗಿರಿಜಾ ಚಿಲಕದಿಂದ ಕೈ ತೆಗೆದಳು.

"ಯಾರೂ ಇಲ್ಲ ಪುಟ್ಟಾ."

ಲೋಟವನ್ನು ಮಗಳ ಬಾಯಿಗೆ ಹಿಡಿದಳು. ನೀರು ತಿಳಿಯಾಗಿಯೇ ಇತ್ತು. ಮೇದಿನಿ ಗಟಗಟ ಕುಡಿದಳು.