ಅಳಿಸಿದ ಮಚ್ಚೆ

ಸ್ಟುಡಿಯೋದಲ್ಲಿ ಗಿರಾಕಿಗಳ ಫೋಟೋ ತಿದ್ದುವುದು ನನ್ನ ಕೆಲಸ. ಡೇಟಿಂಗ್ ಆ್ಯಪ್‌ಗೆ ನನ್ನ ಫೋಟೋ ಹಾಕುವಾಗಲೂ ಕೈ ಸುಮ್ಮನಿರದೆ ಕೆನ್ನೆಯ ದೊಡ್ಡ ಮಚ್ಚೆಯನ್ನು ಅಳಿಸಿಬಿಟ್ಟೆ. ಒಬ್ಬ ಮೆಚ್ಚಿದ. ತಿಂಗಳುಗಟ್ಟಲೆ ಹರಟಿದ ಮೇಲೆ ಒಂದು ಭಾನುವಾರ ಕಾಫಿಗೆ ಕರೆದ.

ಆ ಭಾನುವಾರ ಮಧ್ಯಾಹ್ನ ಹೊದೆಯಲೆಂದು ನೀಲಿ ಶಾಲು ತೆಗೆದಿಟ್ಟು ಕನ್ನಡಿ ನೋಡಿಕೊಂಡೆ. ಮಚ್ಚೆ ಕಂಡದ್ದೇ ಧೈರ್ಯ ಉಡುಗಿತು. ಫೋನ್ ಆಫ್ ಮಾಡಿ, ಕೋಣೆಯ ಚಿಲಕ ಹಾಕಿ ಮಲಗಿಬಿಟ್ಟೆ.

ಸಂಜೆ ಫೋನ್ ಆನ್ ಮಾಡಿದಾಗ ಅವನ ಮೆಸೇಜ್ ಬಂದಿತ್ತು: "ಬಂದಿದ್ದಕ್ಕೆ ಥ್ಯಾಂಕ್ಸ್. ನಿನ್ನ ಕೈ ಯಾಕೆ ಅಷ್ಟು ತಣ್ಣಗಿತ್ತು?" ಜೊತೆಗೊಂದು ಫೋಟೋ. ಅವನ ಪಕ್ಕ ನೀಲಿ ಶಾಲು ಹೊದ್ದು ನಾನೇ ನಗುತ್ತಿದ್ದೆ. ಕೆನ್ನೆಯಲ್ಲಿ ಮಚ್ಚೆ ಇರಲಿಲ್ಲ.

ಚಿಲಕ ತೆಗೆದು ಹೊರಬಂದೆ.

"ಈಗ ತಾನೇ ಬಂದೆಯಲ್ಲೇ, ಮತ್ತೆ ಎಲ್ಲಿಗೆ ಹೊರಟೆ?" ಅಂದಳು ಅಮ್ಮ.

ಹಜಾರದ ಕುರ್ಚಿಯ ಮೇಲಿದ್ದ ಶಾಲಿಗೆ ಕಾಫಿಯ ಜೊತೆ ಯಾರದೋ ಸೆಂಟಿನ ವಾಸನೆ. ಅದನ್ನು ಒಗೆಯಲು ಇವತ್ತಿಗೂ ಮನಸ್ಸಾಗಿಲ್ಲ. ಪ್ರತಿ ಭಾನುವಾರ ಸಂಜೆ ಆ ವಾಸನೆ ಹೊಸದಾಗಿರುತ್ತದೆ.