ಯಾರಿಗೂ ಕಾಯದ ತಾಳ

ಕತ್ತಲಲ್ಲೇ ನುಡಿಸಿದ ಹಾಡು ಮುಗಿದು ದೀಪ ಹಾಕಿದಾಗ ಪ್ರೊಫೆಸರ್ ಆಲ್ಡನ್ ಕ್ರೂ ಗಾಜಿನ ಕೋಣೆಯಲ್ಲಿ ಮೈಕಿನ ಕೆಳಗೆ ಸತ್ತು ಬಿದ್ದಿದ್ದರು. ಕೊರಳಿಗೆ ಗಿಟಾರಿನ ವೈರು ಬಿಗಿದಿತ್ತು.

ಎಲ್‌ಎಸ್‌ಡಿ ಎಂಬ ಮತ್ತಿನ ಮದ್ದು ಮನಸ್ಸಿನ ಬಾಗಿಲು ತೆರೆಯುತ್ತದೆಂದು ಸಾರಿ ವಿಶ್ವವಿದ್ಯಾಲಯದ ಹುದ್ದೆ ಕಳೆದುಕೊಂಡವರು. ಸ್ಯಾನ್ ಫ್ರಾನ್ಸಿಸ್ಕೋದ ಅರ್ಧದಷ್ಟು ರಾಕ್ ತಂಡಗಳಿಗೆ ಗುರುವಾದವರು. ಮೂರು ನಿಮಿಷದ ಹಾಡುಗಳು ಇಪ್ಪತ್ತು ನಿಮಿಷಕ್ಕೆ ಹಿಗ್ಗಿದ್ದು ಅವರ ಮಾತಿನಿಂದಲೇ.

ಧ್ವನಿಮುದ್ರಣದ ಆ ನೆಲಮಾಳಿಗೆಗೆ ಕಿಟಕಿಯಿಲ್ಲ, ಬಾಗಿಲೊಂದೇ. ಅದರ ಬಳಿ ಕಾವಲು ಕುಳಿತಿದ್ದವನು ಕ್ಲೇ. ಎಲ್ಲರೂ ಎಲ್‌ಎಸ್‌ಡಿ ಬೆರೆಸಿದ ಶರಬತ್ತು ಕುಡಿದಾಗ ಒಬ್ಬನು ಮಾತ್ರ ಕುಡಿಯದೆ ಉಳಿದವರನ್ನು ಕಾಯಬೇಕೆಂಬುದು ಪ್ರೊಫೆಸರರ ಕಟ್ಟಳೆ. ಅಂದು ಅವನ ಸರದಿ.

"ಒಳಗೆ ಯಾರೂ ಬರ್ಲಿಲ್ಲ ಅಂತೀಯ. ಉಳಿದೋರಿಗೆ ಮೈಮೇಲೆ ಎಚ್ಚರ ಇರ್ಲಿಲ್ಲ. ಇನ್ಯಾರಪ್ಪ ಉಳಿದ್ರು?" ಎಂದರು ಸಾರ್ಜೆಂಟ್ ಬ್ರನೆಟ್ಟಿ.

ಕ್ಲೇ ತಬ್ಬಿಬ್ಬಾಗಿ ತನ್ನಕ್ಕನತ್ತ ನೋಡಿದ. ಪತ್ರಿಕೆಗೆ ಸಂಗೀತದ ಬಗ್ಗೆ ಬರೆಯುತ್ತಿದ್ದ ವಿಲ್ಮಾ, ಅವನ ಫೋನು ಬಂದೊಡನೆ ಓಡಿ ಬಂದಿದ್ದಳು. ಅವಳು ಒಳಬಂದ ಮೇಲೆ ಸಾರ್ಜೆಂಟರು ಬೀಗ ಜಡಿಸಿದ್ದರು. ಕೋಣೆಯ ಗಾಳಿ ಭಾರವಾಗುತ್ತಿತ್ತು.

"ವ್ಯಾನು ಬರೋತನಕ ಮಾತಾಡ್ಕೊಳ್ಳಿ," ಎಂದರು ಅವರು. "ಆಮೇಲೆ ಕಂಬಿ ಆಚೆಯಿಂದಲೇ."

* * *

"ಅಕ್ಕಾ, ನಾನಲ್ಲ."

"ಗೊತ್ತು ಕಣೋ. ಹಾಡು ಮುದ್ರಣ ಆಗ್ತಿತ್ತಾ?"

"ಹೂಂ. ಯಂತ್ರ ಚಾಲೂ ಮಾಡಿದ್ದೇ ನಾನು."

ವಿಲ್ಮಾ ಟೇಪು ಹಾಕಿಸಿದಳು. ಪ್ರೊಫೆಸರರ ಗಂಭೀರ ದನಿ, ಅದರ ಹಿಂದೆ ಹೆಣ್ಣೊಬ್ಬಳ ನಿಲ್ಲದ ನಗು. ಬಳಿಕ ಪ್ರೊಫೆಸರರ ದನಿ ನಿಂತಿತು. ನಗು, ವಾದ್ಯಗಳು ನಡೆದೇ ಇದ್ದವು.

"ಇದ್ಯಾರು ನಗ್ತಿರೋದು?"

"ಪ್ರೊಫೆಸರು ತಂದ ಯಾವುದೋ ಟೇಪು," ಎಂದ ಕ್ಲೇ.

"ಡ್ರಮ್ಮು ಎಲ್ಲೆಲ್ಲೋ ಓಡ್ತಿದೆಯಲ್ಲ, ಓಡೆಲ್?"

ಡ್ರಮ್ಮು ಬಾರಿಸುವ ಓಡೆಲ್ ಮಂಪರಿನಲ್ಲೇ ನಕ್ಕ. "ನನ್ನ ಕೈ ಆಗ ರಬ್ಬರಾಗಿತ್ತಮ್ಮ. ನಾನು ತಾಳ ಎಳೆದ್ರೆ ಎಲ್ಲರೂ ಎಳೀತಾರೆ. ನಮ್ಮ ತಂಡ ಇರೋದೇ ಹಾಗೆ."

"ಕತ್ತಲಲ್ಲಿ ನಿಮ್ಮ ವೆಸ್ ಎಲ್ಲಿದ್ದ?"

"ಬೇಸ್ ಗಿಟಾರ್ ಕೇಳಿಸ್ತಲೇ ಇತ್ತಲ್ಲ. ಅವನ ಮೂಲೇಲೇ ಇದ್ದ."

ಮಂದ್ರ ಸ್ವರದ ಆ ಬೇಸ್ ನುಡಿಸುವ ವೆಸ್ ತಲೆ ಎತ್ತಲಿಲ್ಲ. "ನಾನೂ ಕುಡಿದಿದ್ದೆ. ಗೋಡೆ ಕರಗ್ತಿತ್ತು."

* * *

ಹೊರಗೆ ವ್ಯಾನು ನಿಂತ ಸದ್ದಾಯಿತು. ಸಾರ್ಜೆಂಟರು ಕೈಕೋಳ ತೆಗೆದರು.

"ಸ್ವಲ್ಪ ತಡೀರಿ ಸಾರ್," ಎಂದಳು ವಿಲ್ಮಾ. "ಡ್ರಮ್ಮು ನಿಧಾನ ಆದಾಗ ಆರ್ಗನ್ನೂ ಎಳೀತು, ಗಿಟಾರೂ ಎಳೀತು. ಬೇಸ್ ಮಾತ್ರ ಯಾರಿಗೂ ಕಾಯ್ಲಿಲ್ಲ. ಕುಡಿದವನು ತಾಳ ತಪ್ತಾನೆ. ಕುಡಿಯದವನು ಜೊತೆಯವರಿಗೆ ಹೊಂದಿಕೊಳ್ತಾನೆ. ಇದು ಎರಡೂ ಅಲ್ಲ. ತಂತಿ ಮೇಲೆ ಬೆರಳು ಜಾರೋ ಸಣ್ಣ ಕೀರಲು ಕೇಳಿ. ಪ್ರತಿ ಸುತ್ತಲ್ಲೂ ಅದೇ ಜಾಗದಲ್ಲಿ."

"ಅಂದ್ರೆ?"

"ನುಡಿಸಿದ್ದು ಮನುಷ್ಯನಲ್ಲ. ಮೊದಲೇ ಮುದ್ರಿಸಿದ ಟೇಪಿನ ತುಂಡಿನ ಎರಡು ತುದಿ ಅಂಟಿಸಿ, ಇನ್ನೊಂದು ಯಂತ್ರದಲ್ಲಿ ಬಳೆ ಹಾಗೆ ತಿರುಗಿಸಿದ್ದಾರೆ. ಅದೇ ಸುತ್ತು ಮತ್ತೆ ಮತ್ತೆ ಬರುತ್ತೆ. ಈ ತಂಡಗಳಿಗೆಲ್ಲ ಗೊತ್ತಿರೋ ವಿದ್ಯೆ. ಕತ್ತಲಲ್ಲಿ ಸದ್ದು ಕೇಳಿದವರು ಮನುಷ್ಯನೂ ಇದ್ದಾನೆ ಅಂದ್ಕೊಂಡ್ರು. ವೆಸ್ ಆಗ ಗಾಜಿನ ಕೋಣೇಲಿದ್ದ. ಇಲ್ಲಿಂದ ಯಾರೂ ಹೊರಗೆ ಹೋಗಿಲ್ಲ, ಆ ತುಂಡು ಅವನ ಹತ್ರಾನೇ ಇರ್ಬೇಕು."

ಸಾರ್ಜೆಂಟರು ವೆಸ್‌ನ ಬೂಟು ಕಳಚಿಸಿದರು. ಒಳಗೆ ಕಂದು ಟೇಪಿನ ಬಳೆ ಮುದುಡಿ ಕುಳಿತಿತ್ತು.

ವೆಸ್ ಅಂಗಿಯ ಕಲೆಗಟ್ಟಿದ ತೋಳು ಎತ್ತಿ ತೋರಿಸಿದ.

"ಶರಬತ್ತು ಕುಡೀಲಿಲ್ಲ, ತೋಳಿಗೆ ಸುರ್ಕೊಂಡೆ," ಎಂದ. "ಆ ನಗು ನನ್ನ ತಂಗಿ ನೋಲಾದು. ಪ್ರೊಫೆಸರು ಆ ಶರಬತ್ತು ಕೊಟ್ಟ ಮೇಲೆ ಅವಳ ಬುದ್ಧಿ ವಾಪಸ್ ಬರ್ಲೇ ಇಲ್ಲ. ಈಗ ಅವಳಿರೋ ಹುಚ್ಚಾಸ್ಪತ್ರೇಲಿ ಕಿಟಕಿಗೂ ಬೀಗ. ಪ್ರೊಫೆಸರು ಅಲ್ಲಿಗೇ ಹೋಗಿ ಆ ನಗೂನ ಟೇಪಲ್ಲಿ ಹಿಡಿದು ತಂದು ಹಾಡಿಗೆ ಸೇರಿಸಿದ್ರು. ತೆಗೆದುಬಿಡಿ ಅಂತ ಕಾಲು ಹಿಡ್ಕೊಂಡೆ. 'ನಮ್ಮೆಲ್ಲರಲ್ಲಿ ಬಿಡುಗಡೆ ಸಿಕ್ಕಿದ್ದು ಅವಳೊಬ್ಬಳಿಗೇ' ಅಂದ್ರು."

"ಇದನ್ನೆಲ್ಲ ಕೋರ್ಟಲ್ಲಿ ಹೇಳು," ಎಂದರು ಸಾರ್ಜೆಂಟರು, ದನಿ ತಗ್ಗಿಸಿ. "ಟೇಪನ್ನೂ ಅಲ್ಲೇ ಹಾಕ್ತಾರೆ. ಪತ್ರಿಕೆಯವರು, ರೇಡಿಯೋದವರು, ಎಲ್ಲರೂ ಕೇಳ್ತಾರೆ."

"ನಗು ಬಿಟ್ಟು ಹಾಕೋಕಾಗಲ್ವಾ?"

"ಅದರ ಕೆಳಗೇ ಬೇಸ್ ಇದೆಯಲ್ಲಪ್ಪ. ಎರಡನ್ನೂ ಬಿಡಿಸೋಕಾಗಲ್ಲ."

ವೆಸ್ ವಿಲ್ಮಾಳನ್ನು ನೋಡಿದ. ಟೇಪು ಹಾಕುವುದು ಬೇಡವೆನ್ನಲು ಅವಳಿಂದಾಗಲಿಲ್ಲ, ತಮ್ಮನ ಬಿಡುಗಡೆ ಅದೇ ಟೇಪಿನಲ್ಲಿತ್ತು.

"ನಾನೇ ತಪ್ಪೊಪ್ಪಿಕೊಂಡ್ರೆ? ವಿಚಾರಣೇನೇ ಬೇಡ ಅಂದ್ರೆ?"

"ಆಗ ಹಾಕೋ ಅಗತ್ಯ ಬೀಳೋದಿಲ್ಲ. ಆದ್ರೆ ನೀನು ಜೈಲಿಂದ ಹೊರಗೆ ಬರೋದೂ ಇಲ್ಲ."

ವೆಸ್ ಎರಡೂ ಕೈಗಳನ್ನು ಮುಂದೆ ಚಾಚಿದ.